ಟರ್ಮಿನಲ್‌ನಲ್ಲಿ ಪುಟಿಯುವ ಚೆಂಡು: ಸಾಕೆಟ್ ಮೂಲಕ ಅಕ್ಷರಗಳ ಅನಿಮೇಷನ್

ಬರೀ ಅಕ್ಷರಗಳಿಂದ ಒಂದು ಪುಟ್ಟ ಅನಿಮೇಷನ್ ಮಾಡಿ, ಅದನ್ನು ನೆಟ್‌ವರ್ಕ್ ಮೇಲೆ ಬೇರೆಯವರ ಟರ್ಮಿನಲ್‌ಗೆ (ಅಕ್ಷರಗಳಲ್ಲೇ ಆದೇಶ ಕೊಟ್ಟು ಉತ್ತರ ನೋಡುವ ವಿಂಡೊ) ಕಳಿಸುವುದು ಅಷ್ಟೇನೂ ಕಷ್ಟವಲ್ಲ. ಪೈಥಾನ್ ಭಾಷೆಯ ಜೊತೆಗೇ ಬರುವ ಸಾಕೆಟ್ ಮಾಡ್ಯೂಲ್ ಸಾಕು; ಸಾಕೆಟ್ ಅಂದರೆ ನೆಟ್‌ವರ್ಕ್ ಸಂಪರ್ಕದ ಒಂದು ತುದಿ. ನೋಡುವವರ ಹತ್ತಿರ ಬೇರೆ ಕಂಪ್ಯೂಟರಿಗೆ ಸಂಪರ್ಕ ಕೊಡುವ ಟೆಲ್ನೆಟ್ ಅಥವಾ ನೆಟ್‌ಕ್ಯಾಟ್ ಪ್ರೋಗ್ರಾಮ್ ಇದ್ದರಾಯಿತು.

ಮೊದಲು ಚಿತ್ರಗಳು. ಚೆಂಡೊಂದು ಪುಟಿಯುತ್ತಿದೆ ಅಂದುಕೊಳ್ಳಿ. ಒಂದೊಂದು ಫ್ರೇಮ್ ಒಂದೊಂದು ಸ್ಟ್ರಿಂಗ್, ಎಲ್ಲ ಸೇರಿ ಒಂದು ಲಿಸ್ಟ್. ಅಗಲ 80 ಅಕ್ಷರ, ಎತ್ತರ 24 ಸಾಲು ಮೀರಬಾರದು. 1978ರ ವಿಟಿ100 ಟರ್ಮಿನಲ್‌ನ ಅಳತೆ ಇದು, ಇವತ್ತಿಗೂ ಎಷ್ಟೋ ಟರ್ಮಿನಲ್ ವಿಂಡೊಗಳು ಇದೇ ಅಳತೆಯಲ್ಲಿ ತೆರೆದುಕೊಳ್ಳುತ್ತವೆ.

ಆಮೇಲೆ ಸರ್ವರ್. ಸಾಕೆಟ್ ತೆರೆಯಿರಿ, 2323ನೇ ಪೋರ್ಟ್‌ಗೆ (ಕಂಪ್ಯೂಟರಿನ ಸಂಖ್ಯೆ ಹಾಕಿದ ಬಾಗಿಲು) ಬೈಂಡ್ ಮಾಡಿ ಅಂದರೆ ಜೋಡಿಸಿ, ಲಿಸನ್ ಮಾಡಿ ಸಂಪರ್ಕಕ್ಕೆ ಕಾಯಿರಿ, ಬಂದವರನ್ನು ಒಳಗೆ ಬಿಡಲು ಲೂಪ್‌ನಲ್ಲಿ ಆಕ್ಸೆಪ್ಟ್ ಕರೆಯಿರಿ. ಟೆಲ್ನೆಟ್‌ನ ಸ್ವಂತ ಪೋರ್ಟ್ 23, ಆದರೆ ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ಸಾಮಾನ್ಯವಾಗಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಅನುಮತಿ ಬೇಕು. ಸುಮ್ನೆ ಆ ರಗಳೆ ಯಾಕೆ?

ನಿಜವಾದ ಕೆಲಸ ಇರುವುದು ಮುಂದೆ. ಈ ಸಂಪರ್ಕ ನಡೆಸುವ ಟಿಸಿಪಿ ನಿಯಮಾವಳಿಗೆ ಫ್ರೇಮ್ ಅಂದರೇನು ಗೊತ್ತಿಲ್ಲ, ಅದು ಬೈಟ್‌ಗಳನ್ನು ಸಾಲಾಗಿ ಮುಟ್ಟಿಸುತ್ತದೆ ಅಷ್ಟೇ. ಹಾಗಾಗಿ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಯಿತು ಅಂತ ಟರ್ಮಿನಲ್‌ಗೆ ನಾವೇ ಹೇಳಬೇಕು. ಅದಕ್ಕೆ ಎಸ್ಕೇಪ್ ಕೋಡ್‌ಗಳಿವೆ, ಅಂದರೆ ಟರ್ಮಿನಲ್ ಪರದೆಗೆ ಬರೆಯದೆ ಆದೇಶವಾಗಿ ಪಾಲಿಸುವ ಅಕ್ಷರಗಳು. 27ನೇ ಸಂಖ್ಯೆಯ ಎಸ್ಕೇಪ್ ಅಕ್ಷರ, ಅದಾದ ಕೂಡಲೇ ತೆರೆದ ಚೌಕ ಆವರಣ, ಕೊನೆಗೆ ಇಂಗ್ಲಿಷಿನ ದೊಡ್ಡ ಎಚ್: ಈ ಮೂರು ಹೋದರೆ ಕರ್ಸರ್ ಮೇಲಿನ ಎಡಮೂಲೆಗೆ ಬರುತ್ತದೆ. ಎಚ್ ಬದಲು 2 ಮತ್ತು ದೊಡ್ಡ ಜೆ ಕಳಿಸಿದರೆ ಇಡೀ ಪರದೆ ಅಳಿಯುತ್ತದೆ. ಬಹಳ ಜನ ಪ್ರತಿ ಫ್ರೇಮ್‌ಗೂ ಪರದೆ ಅಳಿಸುತ್ತಾರೆ, ಚಿತ್ರ ಮಿಟುಕಾಡುವುದು ಇದರಿಂದಲೇ. ಶುರುವಿನಲ್ಲಿ ಒಂದೇ ಸಲ ಅಳಿಸಿ, ಆಮೇಲೆ ಬರೀ ಕರ್ಸರನ್ನು ಮೂಲೆಗೆ ತಂದು ಹಳೆಯದರ ಮೇಲೆಯೇ ಹೊಸದನ್ನು ಬರೆಯಿರಿ. ಎಷ್ಟು ನುಣುಪಾಗಿ ಓಡುತ್ತದೆ ನೋಡಿ!

ಆದರೆ ಹೀಗೆ ಮಾಡುವಾಗ ಪ್ರತಿ ಸಾಲಿನ ಕೊನೆಗೂ ಖಾಲಿ ಜಾಗ ತುಂಬಿ ಉದ್ದ ಒಂದೇ ಇರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಚೆಂಡು ಎಡಕ್ಕೆ ಬಂದ ಮೇಲೂ ಹಳೆಯ ಚೆಂಡು ಬಲಗಡೆ ಹಾಗೇ ಕೂತಿರುತ್ತದೆ. ಸಾಲು ಮುರಿಯಲು 13ನೇ ಸಂಖ್ಯೆಯ ಅಕ್ಷರ (ಸಾಲಿನ ಶುರುವಿಗೆ) ಮತ್ತು 10ನೇ ಸಂಖ್ಯೆಯದು (ಕೆಳಗಿನ ಸಾಲಿಗೆ), ಎರಡನ್ನೂ ಕಳಿಸಿ. 24ನೇ ಸಾಲಿನ ಕೊನೆಗೆ ಮಾತ್ರ ಬೇಡ, ಪರದೆ ಒಂದು ಸಾಲು ಮೇಲಕ್ಕೆ ಜಾರಿಬಿಡುತ್ತದೆ.

ಕಳಿಸಲು ಸೆಂಡ್ ಬದಲು ಸೆಂಡ್‌ಆಲ್ ಬಳಸಿ. ಸೆಂಡ್ ಅರ್ಧ ಫ್ರೇಮ್ ಕಳಿಸಿ ವಾಪಸ್ ಬರಬಹುದು. ನಂತರ 0.1 ಸೆಕೆಂಡ್ ಸ್ಲೀಪ್. ಸೆಕೆಂಡಿಗೆ 10 ಫ್ರೇಮ್ ಅಂದರೂ 20 ಕಿಲೋಬೈಟ್ ಆಸುಪಾಸು, ಜಾಸ್ತಿ ಏನಲ್ಲ ಅಲ್ವಾ?

ನೋಡುಗರೊಬ್ಬರ ಸಂಪರ್ಕ ನಿಧಾನವಾದರೆ ಸೆಂಡ್‌ಆಲ್ ಅಲ್ಲೇ ಕಾಯುತ್ತಾ ನಿಲ್ಲುತ್ತದೆ, ಜೊತೆಗೆ ಉಳಿದವರೂ ಕಾಯಬೇಕಾಗುತ್ತದೆ. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಕೆಲಸ) ಕೊಡಿ. ಯಾರಾದರೂ ಮಧ್ಯೆ ಎದ್ದುಹೋದರೆ ಬ್ರೋಕನ್ ಪೈಪ್ ಎರರ್ ಬರುತ್ತದೆ, ಅದನ್ನು ಹಿಡಿದು ಆ ಸಾಕೆಟನ್ನಷ್ಟೇ ಮುಚ್ಚಿ.

ಮೊದಲು 127.0.0.1 ವಿಳಾಸದಲ್ಲಿ ನಿಮ್ಮ ಕಂಪ್ಯೂಟರಿನೊಳಗೇ ಓಡಿಸಿ ನೋಡಿ. ಎಲ್ಲ ಸರಿ ಅನಿಸಿದ ಮೇಲೆ ಹೊರಗಿನವರೂ ಸಂಪರ್ಕಿಸಲಾಗುವಂತೆ ಬೈಂಡ್ ವಿಳಾಸವನ್ನು 0.0.0.0 ಮಾಡಿ, ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ 2323ನೇ ಪೋರ್ಟ್ ತೆರೆದು, ಗೆಳೆಯರಿಗೆ ನಿಮ್ಮ ಐಪಿ ವಿಳಾಸ ಕಳಿಸಿ.