ಜಪಾನಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದಿರುವ ಕನ್ನಡಿಗರಿಗೆ

ಸಹಾಯಕ ಭಾಷಾ ಶಿಕ್ಷಕರಾಗಿ ಇಲ್ಲಿಗೆ ಬರುವ ನಮ್ಮವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: "ನನ್ನ ಇಂಗ್ಲಿಷ್ ಉಚ್ಚಾರಣೆಯನ್ನು ಇವರು ಒಪ್ಪುತ್ತಾರೆಯೇ?" ವಿದೇಶಿಯರನ್ನು ಶಾಲೆಗಳಿಗೆ ಕರೆಸುವ, 1987ರಲ್ಲಿ ಶುರುವಾದ ಜಪಾನ್ ಸರ್ಕಾರದ ಜೆಟ್ ಯೋಜನೆಯಲ್ಲಿ ಬಂದವರಿರಲಿ, ಖಾಸಗಿ ಕಂಪನಿಯ ಮೂಲಕ ಬಂದವರಿರಲಿ, ಚಿಂತೆ ಮಾತ್ರ ಇದೇ. ನನಗೂ ಇತ್ತು. ಅಮೆರಿಕದವರ ಹಾಗೆ ಮಾತನಾಡಲು ಹೋಗಿ ಮೊದಲ ವರ್ಷವನ್ನು ವ್ಯರ್ಥ ಮಾಡಿದೆ. ನೀವು ಹಾಗೆ ಮಾಡಬೇಡಿ. ಇಂಗ್ಲಿಷನ್ನು ಶಾಲೆಯಲ್ಲಿ ಕಷ್ಟಪಟ್ಟು ಕಲಿತವರು ನಾವು; ಮಕ್ಕಳು ಎಲ್ಲಿ ಎಡವುತ್ತಾರೆಂದು ನಮಗೆ ಬೇಗ ತಿಳಿಯುತ್ತದೆ.

ಜಪಾನಿ ಅಕ್ಷರಗಳ ಕೋಷ್ಟಕವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿ ಕಲಿತ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮ ಇದು. ವಾಕ್ಯದಲ್ಲಿ ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬರುತ್ತದೆ. ನಾವು ಬಸ್ಸು ಎಂದರೆ ಇವರು ಬಸು ಎನ್ನುತ್ತಾರೆ. ಆ ಕೊನೆಯ ಉಕಾರವನ್ನು ಬಿಡುವುದು ಹೇಗೆಂದು ಕಲಿಸಲು ನಿಮಗಿಂತ ತಕ್ಕವರು ಯಾರು? ಇವರಿಗೆ ರ ಮತ್ತು ಲ ಬೇರೆ ಮಾಡುವುದು ಕಷ್ಟ. ನಮಗೆ ಇರುವುದು ಒಂದೇ ವ. ಇಂಗ್ಲಿಷಿನಲ್ಲಿ ಅದು v, w ಎಂದು ಎರಡು. ಇದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ ದಿನ, ಅದುವರೆಗೆ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

ಮೌನ ಕಂಡು ಗಾಬರಿಯಾಗಬೇಡಿ. ಎಲ್ಲರೆದುರು ತಪ್ಪು ಹೇಳುವ ಅಂಜಿಕೆ ಅದು. ಹೆಸರು ಹಿಡಿದು ಎಬ್ಬಿಸುವ ಬದಲು, ಪಕ್ಕದವರೊಡನೆ ಎರಡು ನಿಮಿಷ ಮಾತನಾಡಲು ಬಿಡಿ.

ಈಗ ಮುಖ್ಯ ವಿಷಯ. ಸಂಸ್ಕೃತಿ ಪರಿಚಯ ಮಾಡಿಕೊಡಿ ಎಂದು ಶಾಲೆಯವರು ಖಂಡಿತ ಕೇಳುತ್ತಾರೆ. ನಾನು ಮೈಸೂರು ಅರಮನೆ, ದಸರಾ ಆನೆಗಳ ಚಿತ್ರ ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬರೂ ಒಂದು ಇಂಗ್ಲಿಷ್ ಪದ ಆಡಲಿಲ್ಲ. ಆಡಲು ಅವರಿಗೆ ಕಾರಣವೇ ಇರಲಿಲ್ಲ, ನಾನೊಬ್ಬನೇ ಮಾತನಾಡುತ್ತಿದ್ದೆ. ಮರುವರ್ಷ ಊರಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಅಲ್ಲಿಯ ಆರನೆಯ ತರಗತಿಯವರನ್ನು ವಿಡಿಯೊ ಕರೆಯಲ್ಲಿ ಇಲ್ಲಿಯ ಮಕ್ಕಳೊಡನೆ ಜೋಡಿಸಿದೆ. ಎರಡೂ ಕಡೆಯವರಿಗೆ ಇಂಗ್ಲಿಷ್ ಕಲಿತ ಭಾಷೆ, ಎರಡೂ ಕಡೆ ಪದಗಳು ಕಡಿಮೆ. ಅದೇ ಅನುಕೂಲವಾಯಿತು.

ಒಂದು ದಿನದ ಮಾತು ಹಾಲಿನದು. ಇಲ್ಲಿಯ ಹುಡುಗ ಊಟದೊಡನೆ ಬರುವ 200 ಮಿಲಿಲೀಟರಿನ ಹಾಲಿನ ಪೊಟ್ಟಣವನ್ನು ಕ್ಯಾಮೆರಾದೆದುರು ಹಿಡಿದ. ಅಲ್ಲಿಯ ಹುಡುಗಿ ಸ್ಟೀಲ್ ಲೋಟ ಎತ್ತಿ ತೋರಿಸಿದಳು. 2013ರಿಂದ ನಡೆದಿರುವ ಕ್ಷೀರಭಾಗ್ಯದ ಹಾಲು. "ಹಾಟ್?" ಎಂದ ಇವನು. "ಹಾಟ್! ಯುವರ್ಸ್?" "ಕೋಲ್ಡ್." ಅಷ್ಟಕ್ಕೇ ಎರಡೂ ತರಗತಿಗಳಲ್ಲಿ ಗದ್ದಲ. ತಣ್ಣಗಿನ ಹಾಲನ್ನು ಹೇಗೆ ಕುಡಿಯುತ್ತಾರೆಂದು ಅವರಿಗೆ ಅಚ್ಚರಿ, ಬಿಸಿ ಹಾಲಿನ ಶಾಲೆ ಕಂಡು ಇವರಿಗೆ ಅಚ್ಚರಿ. ಊಟ ಬಡಿಸುವವರು ಯಾರು, ತರಗತಿ ಗುಡಿಸುವವರು ಯಾರು ಎಂದು ಪ್ರಶ್ನೆಗಳು ತಾವಾಗಿ ಬಂದವು. ಪಠ್ಯಪುಸ್ತಕದ ಪ್ರಶ್ನೆಗಳಿಗೆ ಬಾಯಿ ಬಿಡದ ಮಕ್ಕಳೇ ಇವರು.

ಹೊಂದಿಸುವುದು ಕಷ್ಟವಲ್ಲ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಇಲ್ಲಿ ಮಧ್ಯಾಹ್ನ 1.30ರ ಅವಧಿ ಎಂದರೆ ಅಲ್ಲಿ ಬೆಳಿಗ್ಗೆ ಹತ್ತು. ಅಲ್ಲಿ ಏಪ್ರಿಲ್, ಮೇ ಬೇಸಿಗೆ ರಜೆ. ಇಲ್ಲಿ ಜುಲೈ ಕೊನೆಯಿಂದ ಆಗಸ್ಟ್. ದಸರಾ ರಜೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಜಪಾನಿ ಶಿಕ್ಷಕರೊಡನೆ ಫೆಬ್ರವರಿಯಲ್ಲೇ ಪ್ರಸ್ತಾಪಿಸಿ. ತರಗತಿಯ ಹೊಣೆ ಅವರದು, ನೀವು ಜೊತೆಗಾರರು. ಅವರನ್ನು ಬಿಟ್ಟು ನೇರವಾಗಿ ಪ್ರಾಂಶುಪಾಲರ ಬಳಿ ಹೋಗುವುದು ದೊಡ್ಡ ತಪ್ಪು. 2020ರಿಂದ ಐದು, ಆರನೆಯ ತರಗತಿಗಳಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವೇ ಆಗಿದೆ, ಆದ್ದರಿಂದ ನಿಮ್ಮ ಯೋಜನೆ ಯಾವ ಪಾಠಕ್ಕೆ ಹೊಂದುತ್ತದೆಂದು ತೋರಿಸಿದರೆ ಬೇಗ ಒಪ್ಪುತ್ತಾರೆ. ಮಕ್ಕಳ ಮುಖ ತೆರೆಯ ಮೇಲೆ ಬರುವ ಮುನ್ನ ಎರಡೂ ಕಡೆಯ ಪೋಷಕರ ಒಪ್ಪಿಗೆ ಇರಲೇಬೇಕು.

(ಸಸ್ಯಾಹಾರಿಗಳಿಗೆ ಒಂದು ಮಾತು: ಶಾಲೆಯ ಸೂಪಿನಲ್ಲಿ ಬಹುಪಾಲು ಒಣಮೀನಿನ ಸಾರ ಇರುತ್ತದೆ. ಮೊದಲೇ ತಿಳಿಸಿ, ಡಬ್ಬಿ ಒಯ್ಯಿರಿ, ಆದರೆ ಊಟ ಮಾತ್ರ ಮಕ್ಕಳ ಜೊತೆಯಲ್ಲೇ ಮಾಡಿ.)

ವಿಡಿಯೊಗಿಂತ ಮೊದಲು ಕೈಬರಹದ ಪತ್ರಗಳಿಂದ ಶುರು ಮಾಡಿ. ನೆಟ್‌ವರ್ಕ್ ಕೈಕೊಟ್ಟರೂ ಪತ್ರ ಉಳಿಯುತ್ತದೆ. ಪತ್ರಗಳು ಹೊರಡುವ ಮುನ್ನ ಎಣಿಸಿ: ಇಲ್ಲಿ 32 ಮಕ್ಕಳಿದ್ದರೆ ಅಲ್ಲಿಂದ 32 ಉತ್ತರ ಬರಬೇಕು. ಮಾರ್ಚ್ ಕೊನೆಗೆ ಇಲ್ಲಿನ ತರಗತಿಗಳು ಚದುರುತ್ತವೆ, ಆಮೇಲೆ ಬಂದ ಪತ್ರವನ್ನು ಯಾರಿಗೆ ಕೊಡುವುದು? ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ಪತ್ರ ಕಡಿಮೆ ಬಿದ್ದಿದ್ದರೂ ಊರಿಗೆ ಮತ್ತೆ ಫೋನ್ ಮಾಡಿ.