ಐದು ಪಿನ್ನಿನ ಹಳೆ ಕೀಬೋರ್ಡಿಗೆ ಎಂಟುನೂರು ರೂಪಾಯಿಯ ಡಬ್ಬಿ: ನನ್ನ ಅನುಭವ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಪೌರಾಣಿಕ ನಾಟಕಕ್ಕೂ ಆರ್ಕೆಸ್ಟ್ರಾಕ್ಕೂ ಬರುವ ಕೀಬೋರ್ಡುಗಳಲ್ಲಿ ಐದು ಪಿನ್ನಿನ ಮಿಡಿ (ಯಾವ ಕೀ ಒತ್ತಿದೆವು, ಎಷ್ಟು ಜೋರು ಎಂಬ ಸಂದೇಶ ಕಳಿಸುವ ವ್ಯವಸ್ಥೆ) ಸಾಕೆಟ್ಟಿನವು ಇನ್ನೂ ಇವೆ. ಲ್ಯಾಪ್‌ಟಾಪಿಗೆ ಜೋಡಿಸಬೇಕೆಂದರೆ "ಅದನ್ನ ಮಾರಿ, ಯುಎಸ್‌ಬಿ ಇರೋದು ತಗೊಳ್ಳಿ" ಅನ್ನುತ್ತಾರೆ. ಮಿಡಿಯನ್ನು ಯುಎಸ್‌ಬಿಗೆ ಬದಲಿಸುವ, ಕೈಯಲ್ಲಿ ಬೆಸುಗೆ ಹಾಕಿದ ಡಬ್ಬಿ ಬೆಳಗಿನ ಜಾವದವರೆಗೆ ತಾಳುವುದಿಲ್ಲ ಎಂದವರೂ ಇದ್ದರು. ತಾಳುತ್ತದೆ. ಅಷ್ಟೇ ಅಲ್ಲ, ಜನರೇಟರ್ ಕರೆಂಟಿನ ಸ್ಟೇಜಿನಲ್ಲಿ ನೇರ ಯುಎಸ್‌ಬಿಗಿಂತ ಇದರಲ್ಲೇ ಗುಂಯ್ ಸದ್ದು ಕಡಿಮೆ.

ಮೊದಲು ದುಡ್ಡು ಹೋದದ್ದು ಮುನ್ನೂರು, ನಾನೂರು ರೂಪಾಯಿಯ ರೆಡಿ ಕೇಬಲ್ಲುಗಳಿಗೆ. ಬಿಚ್ಚಿ ನೋಡಿದರೆ ಕೆಲವದರಲ್ಲಿ ಆಪ್ಟೋಕಪ್ಲರೇ (ಎರಡು ಕಡೆಯ ತಂತಿ ತಾಗದಂತೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಇಲ್ಲ, ಬರೀ ರೆಸಿಸ್ಟರ್. ಒಂದೊಂದೇ ಸ್ವರ ಸರಿಯಾಗಿ ಹೋಗುತ್ತದೆ. ಎರಡೂ ಕೈಯಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹಿಡಿದು ಪೆಡಲ್ ಒತ್ತಿದರೆ ನೋಟ್-ಆಫ್ (ಸ್ವರ ನಿಲ್ಲಿಸು ಎಂಬ ಸಂದೇಶ) ಕಳೆದುಹೋಗಿ ಸ್ವರ ನಿಲ್ಲುವುದೇ ಇಲ್ಲ. ಇನ್ನು, 'ಇನ್' ಎಂದು ಬರೆದ ಪ್ಲಗ್ ಕೀಬೋರ್ಡಿನ 'ಔಟ್'ಗೇ ಹೋಗಬೇಕು. ಇದು ಉಲ್ಟಾ ಆಗಿ ಒಳ್ಳೆಯ ಕೇಬಲ್ ಕಸಕ್ಕೆ ಹೋದದ್ದೂ ಉಂಟು.

ನಾನು ಬಳಸುವುದು 32ಯು4 ಚಿಪ್ಪಿನ ಪ್ರೊ ಮೈಕ್ರೋ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್. ಆರ್ಡುಯಿನೋ ಊನೋ ಆರ್3 ಬೋರ್ಡ್ ಬೇಡ, ಅದರ ಮುಖ್ಯ ಚಿಪ್ಪಿನಲ್ಲಿ ಯುಎಸ್‌ಬಿ ಇಲ್ಲ. ಬೋರ್ಡಿಗೆ ಐನೂರರಿಂದ ಆರುನೂರು, 6ಎನ್138 ಆಪ್ಟೋಗೆ ಐವತ್ತರ ಆಸುಪಾಸು, ಡಿನ್ (ಐದು ಪಿನ್ನಿನ) ಸಾಕೆಟ್ಟು, ಪ್ಲಾಸ್ಟಿಕ್ ಡಬ್ಬಿ, ಚಿಲ್ಲರೆ ಎಲ್ಲಾ ಸೇರಿ ಎಂಟುನೂರರೊಳಗೆ ಮುಗಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಒಂದೇ ಸುತ್ತಿಗೆ ಸಿಗುತ್ತದೆ.

ಸಾಕೆಟ್ಟಿನ 4ನೇ ಪಿನ್ 220 ಓಮ್ ಮೂಲಕ ಆಪ್ಟೋದ 2ಕ್ಕೆ, 5ನೇ ಪಿನ್ ನೇರ 3ಕ್ಕೆ. ಆಪ್ಟೋದ 2, 3ರ ನಡುವೆ 1ಎನ್4148 ಡಯೋಡ್, ಪಟ್ಟೆಯ ತುದಿ 2ರ ಕಡೆಗೆ. ಆಪ್ಟೋದ 8ಕ್ಕೆ 5 ವೋಲ್ಟ್, 5 ಗ್ರೌಂಡಿಗೆ, 6 ಬೋರ್ಡಿನಲ್ಲಿ ಸಿಗ್ನಲ್ ಪಡೆಯುವ ಆರ್‌ಎಕ್ಸ್‌ಗೆ. 6ರಿಂದ 5 ವೋಲ್ಟಿಗೆ 470 ಓಮ್ ಪುಲ್-ಅಪ್ (ಲೈನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್). ಆಪ್ಟೋ ಬೇಗ ಆಫ್ ಆಗಲು ಅದರ 7ನೇ ಪಿನ್ನಿನಿಂದ ಗ್ರೌಂಡಿಗೆ 10ಕೆ ರೆಸಿಸ್ಟರ್ ಹಾಕುವುದನ್ನು ಬಹಳ ಜನ ಬಿಡುತ್ತಾರೆ. ಮಿಡಿಯ ವೇಗ 31,250 ಬಾಡ್, ಒಂದು ಬಿಟ್ಟಿಗೆ ಸಿಗುವುದು 32 ಮೈಕ್ರೋಸೆಕೆಂಡ್. ಆಪ್ಟೋ ಅಷ್ಟರಲ್ಲಿ ಆಫ್ ಆಗದಿದ್ದರೆ ಬೈಟ್ ಕೆಡುತ್ತದೆ. ಟಿ.ವಿ. ರಿಪೇರಿ ಅಂಗಡಿಯ ಪಿಸಿ817 ಆಪ್ಟೋವನ್ನು ದೊಡ್ಡ ಪುಲ್-ಅಪ್ ಜೊತೆ ಹಾಕಿದರೆ ಆಗುವುದೂ ಇದೇ.

ಸಾಕೆಟ್ಟಿನ 2ನೇ ಪಿನ್ನನ್ನು ಎಲ್ಲಿಗೂ ಜೋಡಿಸಬೇಡಿ. ಶೀಲ್ಡ್ ಕೀಬೋರ್ಡಿನ ಔಟ್ ಕಡೆ ಮಾತ್ರ ಗ್ರೌಂಡ್ ಆಗಿರಬೇಕು. ಇಲ್ಲೂ ಜೋಡಿಸಿದರೆ ಲ್ಯಾಪ್‌ಟಾಪ್, ಕೀಬೋರ್ಡ್, ಮಿಕ್ಸರ್ ಮೂರರ ಗ್ರೌಂಡೂ ಸುತ್ತು ಹಾಕಿಕೊಂಡು ಗುಂಯ್ ಶುರುವಾಗುತ್ತದೆ, ಆಪ್ಟೋ ಹಾಕಿದ್ದೇ ದಂಡ. ಅದಾದ ಮೇಲೂ ಚಾರ್ಜರ್ ಸದ್ದು ಉಳಿದರೆ ಲ್ಯಾಪ್‌ಟಾಪಿನ ಆಡಿಯೋಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಆಡಿಯೋ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಪ್ರಾಣಕ್ಕೆ ಕುತ್ತು.

ಪ್ರೋಗ್ರಾಮಿನಲ್ಲಿ ಕೈಕೊಡುವುದು ರನ್ನಿಂಗ್ ಸ್ಟೇಟಸ್. ಒಂದೇ ಬಗೆಯ ಸಂದೇಶ ಸಾಲಾಗಿ ಬಂದಾಗ ಹಲವು ಕೀಬೋರ್ಡುಗಳು ಸಂದೇಶದ ಬಗೆ ಹೇಳುವ ಮೊದಲ ಬೈಟನ್ನು (ಸ್ಟೇಟಸ್) ಮತ್ತೆ ಕಳಿಸುವುದೇ ಇಲ್ಲ. ಹಿಂದಿನ ಸ್ಟೇಟಸ್ ನೆನಪಿಡದ ಕೋಡ್ ಕಾರ್ಡಿನಲ್ಲಿ ಒಂದೇ ಸ್ವರ ನುಡಿಸುತ್ತದೆ. ವೆಲಾಸಿಟಿ (ಕೀ ಒತ್ತಿದ ಜೋರು) ಸೊನ್ನೆಯ ನೋಟ್-ಆನ್ ಅಂದರೆ ನೋಟ್-ಆಫ್. ನಡುವೆ ನುಗ್ಗುವ ಎಫ್8, ಎಫ್‌ಇ ಬೈಟುಗಳು (ಮೊದಲನೆಯದು ತಾಳದ ಗಡಿಯಾರ, ಎರಡನೆಯದು 'ಸಂಪರ್ಕ ಇದೆ' ಎಂಬ ಸೂಚನೆ) ಆ ನೆನಪನ್ನು ಅಳಿಸಬಾರದು. ಎಫ್‌ಇಯನ್ನು ನಾನು ಅಲ್ಲೇ ಎಸೆಯುತ್ತೇನೆ.

ವಿಂಡೋಸಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್) ಆಫ್, ವೈಫೈ ಆಫ್, ಏಸಿಯೋ4ಆಲ್ ಎಂಬ ಆಡಿಯೋ ಡ್ರೈವರ್, 48 ಕಿಲೋಹರ್ಟ್ಸ್, ಬಫರ್ 128 ಸ್ಯಾಂಪಲ್. ಸದ್ದು ಬರುವ ತಡದಲ್ಲಿ ಬಫರಿನ ಪಾಲು ಮೂರು ಮಿಲಿಸೆಕೆಂಡಿನೊಳಗೆ. ಹಳೆಯ ಲ್ಯಾಪ್‌ಟಾಪ್ ಪಟಪಟ ಅಂದರೆ 256ಕ್ಕೆ ಏರಿಸಿ, ಬೆರಳಿಗೆ ಗೊತ್ತಾಗುವುದಿಲ್ಲ. ಪ್ರತಿ ಸ್ವರ ಎರಡೆರಡು ಕೇಳಿದರೆ ಕೀಬೋರ್ಡಿನಲ್ಲಿ ಲೋಕಲ್ (ಕೀ ಒತ್ತಿದಾಗ ಕೀಬೋರ್ಡಿನದೇ ಸದ್ದು ಬರುವ ಸೆಟ್ಟಿಂಗ್) ಆಫ್ ಮಾಡಿ.

ಗಮಕಕ್ಕೆ ಬೆಂಡ್ ರೇಂಜ್ (ಬೆಂಡ್ ವೀಲ್ ಸ್ವರವನ್ನು ಎಷ್ಟು ಜಾರಿಸಬಹುದೆಂಬ ಮಿತಿ) 12 ಅರೆಸ್ವರ ಇಡುತ್ತೇನೆ: ಸಿಸಿ (ಮಿಡಿಯ ಕಂಟ್ರೋಲ್ ಸಂದೇಶ) 101ಕ್ಕೆ 0, 100ಕ್ಕೆ 0, ಆಮೇಲೆ 6ಕ್ಕೆ 12. ಹಳೆಯ ವೀಲ್ ಅಷ್ಟು ರೇಂಜಿನಲ್ಲಿ ನಡುಗುತ್ತದೆ. ಆ ನಡುಕವನ್ನು ಜಾರು ಕೆಡದಂತೆ ಅಳಿಸುವ ನಾಲ್ಕು ಸಾಲಿನ ಕೋಡ್ ಮಾತ್ರ ನನ್ನ ಬಳಿಯೇ ಇರಲಿ. ಇಲ್ಲಿ ಬೇರೆ ಯಾರ ಸೆಟ್ಟಿನಲ್ಲೂ ಅದನ್ನು ಕಂಡಿಲ್ಲ.

ಹಾರ್ಮೋನಿಯಂ ತಿದಿಗೆ ಒತ್ತಡದ ಸೆನ್ಸರ್ ಕೂರಿಸಿ ಸದ್ದಿನ ಏರಿಳಿತದ ಸಿಸಿ 11ಕ್ಕೂ ಕೊಟ್ಟು ನೋಡಿದೆ. 10 ಕಿಲೋಪ್ಯಾಸ್ಕಲಿನದು ಅಲುಗಲೇ ಇಲ್ಲ ಅನ್ನಬೇಕು. 2 ಕಿಲೋಪ್ಯಾಸ್ಕಲಿನದು ಚೆನ್ನಾಗಿ ಓಡಿತು, ಆದರೆ ಬೆಲೆ ಡಬ್ಬಿಯದೇ ಎರಡರಷ್ಟು.

ನಾಟಕದವರಿಗೆ ಇನ್ನೊಂದು. ಪಾತ್ರಧಾರಿ ಬದಲಾದರೆ ಶ್ರುತಿಯೂ ಕರಿ ಒಂದರಿಂದ (ಮೊದಲ ಕಪ್ಪು ಕೀ) ಕರಿ ಎರಡಕ್ಕೆ ಹೋಗುತ್ತದೆ. ಕೀ ಒತ್ತಿದ್ದಾಗಲೇ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಗುಂಡಿ) ಒತ್ತಿದರೆ ಕೆಲವು ಕೀಬೋರ್ಡುಗಳಲ್ಲಿ ನೋಟ್-ಆಫ್ ಬೇರೆ ನಂಬರಿಗೆ ಹೋಗಿ ಹಳೆ ಸ್ವರ ನಿಲ್ಲದೆ ಉಳಿಯುತ್ತದೆ. ಟ್ರಾನ್ಸ್‌ಪೋಸನ್ನು ಡಬ್ಬಿಯಲ್ಲೇ ಮಾಡಿ, ಯಾವ ಕೀಗೆ ಯಾವ ನಂಬರ್ ಕಳಿಸಿದೆವು ಎಂದು ಬರೆದಿಟ್ಟು, ಆಫ್ ಅನ್ನೂ ಅದೇ ನಂಬರಿಗೆ ಕಳಿಸಿ. 128 ಬೈಟಿನ ಒಂದು ಪಟ್ಟಿ ಸಾಕು.