ಚೀಲದ ತುಂಬಾ ರಿಪೋರ್ಟು, ಎಲ್ಲವೂ ನಾರ್ಮಲ್: ಫೈಬ್ರೋಮಯಾಲ್ಜಿಯಾ ರೋಗಿಗಳ ಜೊತೆ ನನ್ನ ಅನುಭವ

ತಿಪಟೂರಿನಲ್ಲಿ ಫಿಜಿಷಿಯನ್ ಆಗಿ ಬಹಳ ವರ್ಷಗಳಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಬಿಪಿ, ಶುಗರ್, ಜ್ವರದವರ ನಡುವೆ ಆಗಾಗ ಇಂಥವರೊಬ್ಬರು ಬರುತ್ತಾರೆ. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಅದರ ತುಂಬಾ ಎಕ್ಸ್‌ರೇ, ಎಂಆರ್‌ಐ, ರಕ್ತದ ರಿಪೋರ್ಟು, ನಾಲ್ಕಾರು ಊರಿನ ಡಾಕ್ಟರ ಚೀಟಿ. ಹೆಚ್ಚಿನವರು ಹೆಂಗಸರು. ಎಲ್ಲಿ ನೋವು ಅಂದರೆ, "ಎಲ್ಲಿ ಇಲ್ಲ ಅಂತ ಕೇಳಿ ಡಾಕ್ಟ್ರೇ" ಅನ್ನುತ್ತಾರೆ. ರಿಪೋರ್ಟು ಒಂದೊಂದಾಗಿ ತೆಗೆದು ನೋಡಿದರೆ ಎಲ್ಲ ನಾರ್ಮಲ್. ಬೇರೆಯವರಿಗಾದರೆ ಅದು ಖುಷಿ. ಇವರಿಗೆ ಅದೇ ಸಂಕಟ. "ಎಲ್ಲ ಸರಿಯಿದೆ ಅಂತ ಬಂದಿದೆಯಲ್ಲ, ಮತ್ತೇನು ನೋವು?" ಅನ್ನೋ ಮಾತು ಮನೆಯಲ್ಲಿ ಆಗಲೇ ಶುರುವಾಗಿರುತ್ತದೆ.

ಇವರಲ್ಲಿ ಒಂದಷ್ಟು ಜನರಿಗೆ ಇರುವುದು ಫೈಬ್ರೋಮಯಾಲ್ಜಿಯಾ, ಅಂದರೆ ಮೈಯೆಲ್ಲ ಹರಡಿದ ನೋವು, ಸುಸ್ತು, ಕೆಟ್ಟ ನಿದ್ದೆ ಬಹುಕಾಲ ಉಳಿಯುವ ಕಾಯಿಲೆ. ಇದರ ಚಿಕಿತ್ಸೆಯಲ್ಲಿ ನಾನು ಮಾತ್ರೆಗೆ ಮೂರನೇ ಜಾಗ ಕೊಡುತ್ತೇನೆ. ಮೊದಲು ಕಾಯಿಲೆ ಏನು ಅಂತ ಬಿಡಿಸಿ ಹೇಳಬೇಕು, ಆಮೇಲೆ ನಡಿಗೆ, ಆಮೇಲೆ ಮಾತ್ರೆ. ಹೊರಗಿನ ಸಂಶೋಧನೆ ಓದುತ್ತಾ, ಅದನ್ನು ನಮ್ಮೂರಿನ ಮನೆಗಳಿಗೆ ಹೊಂದಿಸುತ್ತಾ ಈ ಕ್ರಮಕ್ಕೆ ಬಂದೆ.

ಗುರುತಿಸುವ ಬಗೆಯೇ ಈಗ ಬದಲಾಗಿದೆ. 1990ರಲ್ಲಿ ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಒಂದು ನಿಯಮ ಮಾಡಿತ್ತು. ಮೈಮೇಲೆ ಗೊತ್ತುಮಾಡಿದ 18 ಜಾಗ. ಅಲ್ಲಿ ಹೆಬ್ಬೆರಳಿನಿಂದ ಸುಮಾರು 4 ಕೆಜಿ ಭಾರದಷ್ಟು ಒತ್ತಬೇಕು. ಒತ್ತುವವರ ಉಗುರು ಬೆಳ್ಳಗಾಗುತ್ತದಲ್ಲ, ಅಷ್ಟು. 11 ಕಡೆ ನೋವು ಅಂದರೆ ಫೈಬ್ರೋಮಯಾಲ್ಜಿಯಾ. ಕೇಳಲು ಅಚ್ಚುಕಟ್ಟು. ಆದರೆ ಒಬ್ಬ ಡಾಕ್ಟರ ಹೆಬ್ಬೆರಳು ಇನ್ನೊಬ್ಬರ ಹಾಗಿರುವುದಿಲ್ಲ. ಅದೇ ರೋಗಿಗೆ ಇವತ್ತು ಒಂಬತ್ತು ಕಡೆ ನೋವು, ಮುಂದಿನ ವಾರ ಹದಿಮೂರು ಕಡೆ. ಸುಸ್ತು, ನಿದ್ದೆಯ ಬಗ್ಗೆ ಆ ನಿಯಮದಲ್ಲಿ ಲೆಕ್ಕವೇ ಇರಲಿಲ್ಲ. 2010ರಲ್ಲಿ ಒತ್ತುವ ಪದ್ಧತಿ ಬಿಟ್ಟು, ರೋಗಿಯನ್ನೇ ಕೇಳುವ ಪದ್ಧತಿ ತಂದರು. 2016ರಲ್ಲಿ ಅದನ್ನು ಇನ್ನಷ್ಟು ತಿದ್ದಿದರು.

ನನ್ನ ಟೇಬಲ್ ಮೇಲೆ ಮನುಷ್ಯನ ಆಕಾರ ಬರೆದ ಒಂದು ಹಾಳೆ ಇರುತ್ತದೆ. ಮುಂದೆ, ಹಿಂದೆ ಸೇರಿ 19 ಭಾಗ. ಪೆನ್ನನ್ನು ರೋಗಿಯ ಕೈಗೇ ಕೊಡುತ್ತೇನೆ. "ಹೋದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತೋ ಅಲ್ಲಿ ಸುತ್ತು ಹಾಕಮ್ಮ" ಅನ್ನುತ್ತೇನೆ. ಕೆಲವರು ದವಡೆಗೆ ಸುತ್ತು ಹಾಕಿ, "ಇದೂ ಇದಕ್ಕೇ ಸೇರುತ್ತಾ?" ಅಂತ ಮುಖ ನೋಡುತ್ತಾರೆ. ಸೇರುತ್ತದೆ. ಆಮೇಲೆ ಸುಸ್ತು, ನಿದ್ದೆ, ತಲೆಯ ಮಂಕು ಈ ಮೂರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಜೊತೆಗೆ ತಲೆನೋವು, ಕಿಬ್ಬೊಟ್ಟೆ ನೋವು, ಮನಸ್ಸು ಕುಗ್ಗುವುದು ಇದ್ದರೆ ಒಂದೊಂದು ಅಂಕ. ಏಳು ಅಥವಾ ಹೆಚ್ಚು ಜಾಗ, ಐದು ಅಥವಾ ಹೆಚ್ಚು ಅಂಕ ಬಂದರೆ, ಇಲ್ಲವೇ ನಾಲ್ಕರಿಂದ ಆರು ಜಾಗ ಇದ್ದು ಅಂಕ ಒಂಬತ್ತು ಮುಟ್ಟಿದರೆ ಅನುಮಾನ ಗಟ್ಟಿ. ನೋವು ಮೈಯ ಒಂದೇ ಪಕ್ಕದಲ್ಲಿ ಕೂತಿರಬಾರದು, ಹರಡಿರಬೇಕು. ಮೂರು ತಿಂಗಳಾದರೂ ಆಗಿರಬೇಕು.

ನಿದ್ದೆಯ ಪ್ರಶ್ನೆಯನ್ನು "ನಿದ್ದೆ ಬರುತ್ತಾ?" ಅಂತ ಕೇಳಿದರೆ "ಹೂಂ" ಅಂದುಬಿಡುತ್ತಾರೆ. "ಬೆಳಿಗ್ಗೆ ಎದ್ದಾಗ ಮೈ ಹಗುರ ಇರುತ್ತಾ?" ಅಂತ ಕೇಳಬೇಕು. "ಮಲಗೋವಾಗ ಇದ್ದ ಸುಸ್ತಿಗಿಂತ ಎದ್ದಾಗಲೇ ಜಾಸ್ತಿ" ಅನ್ನುವುದು ಸಾಮಾನ್ಯ ಉತ್ತರ. ಮಂಕಿನ ಬಗ್ಗೆ ಅವರಾಗಿ ಹೇಳುವುದು ಕಮ್ಮಿ. ಬ್ಲೌಸ್ ಹೊಲಿಯುವ ಒಬ್ಬರು ಹೇಳಿದ್ದು ನೆನಪಿದೆ. ಟೇಪಿನಲ್ಲಿ ಅಳತೆ ನೋಡಿ, ಚಾಕ್ ತೆಗೆದುಕೊಳ್ಳುವಷ್ಟರಲ್ಲಿ ಅಂಕಿ ಮರೆತುಹೋಗಿರುತ್ತದಂತೆ. ಮತ್ತೆ ಟೇಪು, ಮತ್ತೆ ಮರೆವು. ತನಗೆ ಬುದ್ಧಿಯೇ ಹೋಗುತ್ತಿದೆ ಅಂತ ಹೆದರಿ, ಅದನ್ನು ಗಂಡನಿಗೂ ಹೇಳಿರಲಿಲ್ಲ.

ರಕ್ತಪರೀಕ್ಷೆ ನಾನು ಕಮ್ಮಿ ಮಾಡಿಸುತ್ತೇನೆ. ರಕ್ತಕಣಗಳ ಲೆಕ್ಕಕ್ಕೆ ಸಿಬಿಸಿ, ಉರಿಯೂತ ಇದೆಯಾ ಅಂತ ನೋಡಲು ಇಎಸ್‌ಆರ್, ಸಿಆರ್‌ಪಿ, ಜೊತೆಗೆ ಥೈರಾಯ್ಡ್. ಕೆಲವರಿಗೆ ವಿಟಮಿನ್ ಡಿ, ಸ್ನಾಯುವಿಗೆ ಹಾನಿಯಾಗಿದೆಯಾ ಅಂತ ನೋಡುವ ಸಿಪಿಕೆ. ಥೈರಾಯ್ಡ್ ಕಮ್ಮಿಯಿದ್ದರೆ, ವಿಟಮಿನ್ ಡಿ ತೀರಾ ಇಳಿದಿದ್ದರೆ ಮೊದಲು ಅದನ್ನು ಸರಿಮಾಡಬೇಕು. ದೇಹದ ರಕ್ಷಣೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗೆ ಮಾಡಿಸುವ ಎಎನ್‌ಎ ಪರೀಕ್ಷೆಯನ್ನು ಕಾರಣವಿಲ್ಲದೆ ಬರೆಯುವುದಿಲ್ಲ. ಆರೋಗ್ಯವಂತರಲ್ಲೂ ಅದು ಅಲ್ಪಸ್ವಲ್ಪ ಪಾಸಿಟಿವ್ ಬರುವುದುಂಟು. ಆಮೇಲೆ ಮನೆಮಂದಿಯೆಲ್ಲ ಲೂಪಸ್ ಅಂತ ಹೆದರಿ ಬೆಂಗಳೂರಿಗೆ ಓಡಾಡುತ್ತಾರೆ.

ಇನ್ನು ಬಿಡಿಸಿ ಹೇಳುವ ಕೆಲಸ. ಇದಕ್ಕೆ ರೋಗಿಯೊಬ್ಬರೇ ಸಾಲದು. ಗಂಡ ಬರಲಿ, ಆದರೆ ಅತ್ತೆಯೂ ಬರಲಿ ಅನ್ನುತ್ತೇನೆ. ಮೈಕೈ ನೋವಿನ ಕಾರಣ ಮನೆಯಲ್ಲಿ ಆಗಲೇ ತೀರ್ಮಾನ ಆಗಿರುತ್ತದೆ. ವಾಯು, ನರಗಳ ವೀಕ್‌ನೆಸ್ಸು, ಕ್ಯಾಲ್ಸಿಯಂ ಕಮ್ಮಿ, ಬಾಣಂತನ ಸರಿಯಾಗಿ ಆಗಲಿಲ್ಲ. ಕೊನೆಯದು ಅತ್ತೆಯ ಕಡೆಯಿಂದ ಬಂದರೆ ತವರಿನ ಮೇಲೆ ಆಪಾದನೆ, ಅಷ್ಟೇ. ಈ ನಾಲ್ಕರಲ್ಲಿ ಯಾವುದೂ ಇಲ್ಲದಿದ್ದರೆ "ಸುಮ್ನೆ ಸೋಗು".

ಡಾಕ್ಟರುಗಳೂ ಈ ಕಾಯಿಲೆಯ ಜಾಗವನ್ನು ಬಹಳ ಕಾಲ ತಪ್ಪಾಗಿಯೇ ಹುಡುಕಿದರು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. 1904ರಲ್ಲಿ ಇಂಗ್ಲೆಂಡಿನ ವಿಲಿಯಂ ಗವರ್ಸ್ ಇದಕ್ಕೆ ಫೈಬ್ರೊಸೈಟಿಸ್ ಅಂತ ಹೆಸರಿಟ್ಟರು, ಅಂದರೆ ಸ್ನಾಯುವಿನ ನಾರಿನಲ್ಲಿ ಉರಿಯೂತ ಇದೆ ಅನ್ನುವ ಲೆಕ್ಕ. ಆಮೇಲೆ ಸ್ನಾಯುವಿನ ಚೂರು ತೆಗೆದು ನೋಡಿದರೆ ಉರಿಯೂತ ಸಿಗಲಿಲ್ಲ. 1970ರ ದಶಕದಲ್ಲಿ ಕೆನಡಾದ ಮೊಲ್ಡಾಫ್‌ಸ್ಕಿ ಮತ್ತು ಸ್ಮೈಥ್ ಆರೋಗ್ಯವಂತರ ಗಾಢ ನಿದ್ದೆಯನ್ನು ರಾತ್ರಿ ಪದೇಪದೇ ಕೆಡಿಸಿ ನೋಡಿದರು. ಬೆಳಗಾಗುವಷ್ಟರಲ್ಲಿ ಅವರಿಗೂ ಮೈ ನೋವು, ಮುಟ್ಟಿದರೆ ನೋವು. ನಿದ್ದೆಗೂ ನೋವಿಗೂ ಇರುವ ನಂಟು ಅಲ್ಲಿ ಸಿಕ್ಕಿತು.

ಮನೆಯವರಿಗೆ ಹೇಳಲು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು 2002ರ ಒಂದು ಪ್ರಯೋಗ. ಅಮೆರಿಕದ ಗ್ರೇಸ್ಲಿ, ಕ್ಲಾ ಮತ್ತು ಅವರ ತಂಡ ರೋಗಿಗಳನ್ನೂ ಆರೋಗ್ಯವಂತರನ್ನೂ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಹೆಬ್ಬೆರಳಿನ ಉಗುರಿನ ಮೇಲೆ ಅಳತೆಯಿಟ್ಟು ಒತ್ತಿದರು. ರೋಗಿಗಳಿಗೆ ಅಷ್ಟೇ ನೋವಾಗಲು ಬೇಕಾದ ಒತ್ತಡ ಉಳಿದವರದಕ್ಕಿಂತ ಹೆಚ್ಚುಕಡಿಮೆ ಅರ್ಧ. ಆ ಅರ್ಧ ಒತ್ತಡಕ್ಕೇ ಮೆದುಳಿನಲ್ಲಿ ನೋವಿನ ಜಾಗಗಳು ಚುರುಕಾಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ಇದನ್ನು ಹೇಳುವಾಗ ಗಂಡನ ಉಗುರನ್ನು ಒತ್ತುತ್ತೇನೆ. ಆಮೇಲೆ ಹೆಂಡತಿಯ ಉಗುರನ್ನು ಅದಕ್ಕಿಂತ ಮೆತ್ತಗೆ. ಆಕೆ ಕೈ ಎಳೆದುಕೊಳ್ಳುತ್ತಾರೆ. ಗಂಡ ನೋಡುತ್ತಿರುತ್ತಾನೆ.

"ಜಾತ್ರೆಯಲ್ಲಿ ಮೈಕ್‌ಸೆಟ್ ಸೌಂಡು ಪೂರ್ತಿ ಏರಿಸಿದರೆ ಏನಾಗುತ್ತೆ? ಮಾತಾಡೋನು ಮೆಲ್ಲಗೆ ಕೆಮ್ಮಿದರೂ ಊರಿಗೆಲ್ಲಾ ಕೇಳುತ್ತೆ. ಇವರ ಮೈಯಲ್ಲಿ ನೋವಿನ ಸೌಂಡು ಏರಿಬಿಟ್ಟಿದೆ. ಕೆಮ್ಮು ಸಣ್ಣದು, ಆದರೆ ಕೇಳಿಸಿದ್ದು ಸುಳ್ಳಲ್ಲ" ಅನ್ನುತ್ತೇನೆ. ಒಬ್ಬ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಸೌಂಡು ಇಳಿಸೋಕೆ ಮಾತ್ರೆ ಕೊಡಿ ಡಾಕ್ಟ್ರೇ, ಕೆಮ್ಮಿಗೆ ಯಾಕೆ ಕೊಡ್ತೀರಿ?" ಅಂದರು. ವೈದ್ಯಕೀಯ ಕಾಲೇಜಿನಲ್ಲಿ ಇದನ್ನೇ ಒಂದು ಗಂಟೆ ಪಾಠ ಮಾಡುತ್ತಾರೆ.

ಇಷ್ಟರಿಂದಲೇ ಎಲ್ಲ ವಿವರಣೆ ಮುಗಿಯಿತು ಅಂತ ನಾನು ನಂಬಿಲ್ಲ. 2013ರಲ್ಲಿ ಬಾಸ್ಟನ್ನಿನಲ್ಲಿ ರೋಗಿಗಳ ಚರ್ಮದ ಚೂರು ತೆಗೆದು ನೋಡಿದಾಗ 41 ಶೇಕಡಾ ಜನರಲ್ಲಿ ಸಣ್ಣ ನರಗಳ ಎಳೆ ಕಡಿಮೆಯಾಗಿತ್ತು. ಕಾಯಿಲೆ ಇಲ್ಲದವರಲ್ಲಿ ಅದು 3 ಶೇಕಡಾ. 2021ರಲ್ಲಿ ಲಿವರ್‌ಪೂಲ್, ಲಂಡನ್, ಸ್ಟಾಕ್‌ಹೋಮ್‌ನವರು ಸೇರಿ ರೋಗಿಗಳ ರಕ್ತದ ಐಜಿಜಿ ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ಹೋರಾಡಲು ದೇಹ ಮಾಡುವ ಪ್ರೋಟೀನು) ಇಲಿಗಳಿಗೆ ಕೊಟ್ಟರು. ಇಲಿಗಳಿಗೂ ಒತ್ತಡ, ಥಂಡಿ ತಡೆಯದಾಯಿತು. ಕೆಲವು ವಾರಗಳಲ್ಲಿ ಪ್ರತಿಕಾಯ ಕರಗಿದ ಮೇಲೆ ಇಲಿಗಳು ಸರಿಹೋದವು. ಅಂದರೆ ಕೆಲವರಲ್ಲಾದರೂ ಕಾರಣ ಮೆದುಳಿನ ಹೊರಗೂ ಇರಬಹುದು. ಸದ್ಯಕ್ಕೆ ಇದರಿಂದ ನನ್ನ ಚೀಟಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ "ಎಲ್ಲ ನಿಮ್ಮ ತಲೆಯಲ್ಲೇ ಇರೋದು" ಅಂತ ಯಾರಾದರೂ ಅಂದಾಗ ಆ ಇಲಿಗಳ ಕಥೆ ಹೇಳುತ್ತೇನೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಕೇಳಲೇಬೇಕು, ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾಗಿದ್ದವು. "ಆ ಜ್ವರ ಬಂದಾಗಿನಿಂದ ನಾನು ಮೊದಲಿನ ಹಾಗಿಲ್ಲ" ಅನ್ನುವವರು ಈಗಲೂ ಸಿಗುತ್ತಾರೆ. ಜ್ವರ ಹೋದ ಮೇಲೆ ಕೀಲು ಊದಿಕೊಂಡೇ ಇದ್ದರೆ ಅದು ಬೇರೆ ವಿಷಯ. ಊತ ಇಲ್ಲದೆ ಮೈಯೆಲ್ಲ ನೋವು, ನಿದ್ದೆ ಕೆಟ್ಟಿರುವುದು ಉಳಿದಿದ್ದರೆ ನನ್ನ ಹಾಳೆ ಹೊರಗೆ ಬರುತ್ತದೆ.

ನಡಿಗೆಗೆ ಬರುತ್ತೇನೆ. ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟ ಯೂಲಾರ್ 2017ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಗಟ್ಟಿಯಾಗಿ "ಮಾಡಿ" ಅಂತ ಹೇಳಿದ್ದು ವ್ಯಾಯಾಮವೊಂದಕ್ಕೇ. ಮಾತ್ರೆಗಳಿಗೆಲ್ಲ "ನೋಡಬಹುದು" ಅನ್ನುವ ಮಟ್ಟದ ಮಾತು. ಆದರೆ ಮೈಯೆಲ್ಲ ನೋಯುವವರಿಗೆ "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ" ಅಂತ ಬರೆದು ಕಳಿಸಿದರೆ ಕೆಲಸ ಕೆಡುತ್ತದೆ. ಒಂದು ದಿನ ಮಾಡುತ್ತಾರೆ, ಎರಡು ದಿನ ಏಳುವುದಿಲ್ಲ, ಆಮೇಲೆ ಚಪ್ಪಲಿಯನ್ನೇ ಮುಟ್ಟುವುದಿಲ್ಲ.

ನಾನು ಕೇಳುವುದು ಕೆಟ್ಟ ದಿನದ ಲೆಕ್ಕ. "ನೋವು ಜಾಸ್ತಿ ಇರೋ ದಿನ ಎಷ್ಟು ದೂರ ಹೋಗಿ ಬರ್ತೀರಿ?" "ಬೀದಿ ಕೊನೆಯ ಹಾಲಿನ ಬೂತಿನ ತನಕ." ಅಲ್ಲಿಂದಲೇ ಶುರು. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಒಂದೆರಡು ವಾರ ಹಾಗೆ ನಡೆದ ಮೇಲೆ ಒಂದೆರಡು ನಿಮಿಷ ಸೇರಿಸುತ್ತೇವೆ. ಏಳು, ಎಂಟು ನಿಮಿಷದಿಂದ ಶುರು ಮಾಡಿ ಕೆಲವು ತಿಂಗಳಲ್ಲಿ ಅರ್ಧ ಗಂಟೆಗೆ ಬಂದವರಿದ್ದಾರೆ. ನಡೆಯಲು ಆಗದವರಿಗೆ ಬೇರೆ ದಾರಿಯೂ ಇದೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ 226 ಜನರ ಅಧ್ಯಯನದಲ್ಲಿ ತೈ ಚಿ ಅನ್ನುವ ನಿಧಾನದ ಚೀನೀ ವ್ಯಾಯಾಮ ಏರೋಬಿಕ್ಸಿನಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ನಮ್ಮಲ್ಲಿ ತೈ ಚಿ ಕಲಿಸುವವರು ಎಲ್ಲಿ ಸಿಗುತ್ತಾರೆ? ಮೆಲ್ಲಗಿನ ಯೋಗ ಮಾಡಿಸುತ್ತೇನೆ. ಮೊದಲ ದಿನವೇ ಸೂರ್ಯನಮಸ್ಕಾರ ಮಾಡಿಸುವ ಮೇಷ್ಟರ ಹತ್ತಿರ ಕಳಿಸುವುದಿಲ್ಲ.

ಇದನ್ನೆಲ್ಲ ಕೆಡಿಸುವುದು ಹಬ್ಬ. ಯುಗಾದಿಯ ಹಿಂದಿನ ದಿನ ಮೈ ಸ್ವಲ್ಪ ಹಗುರ ಅನಿಸುತ್ತದೆ. ಇವತ್ತು ಆಗುತ್ತಿದೆಯಲ್ಲ ಅಂತ ಜೇಡರ ಬಲೆ ಹೊಡೆಯುವುದು, ಕಂಬಳಿ ಒಗೆಯುವುದು, ರಾತ್ರಿ ಬೇಳೆ ಬೇಯಿಸಿ ಹೂರಣ ರುಬ್ಬುವುದು. ಹಬ್ಬದ ದಿನ ನಿಂತು ಅಷ್ಟೂ ಜನಕ್ಕೆ ಹೋಳಿಗೆ. ಆಮೇಲೆ ಮೂರ್ನಾಲ್ಕು ದಿನ ಹಾಸಿಗೆ. ಯುಗಾದಿ ಕಳೆದ ವಾರ ನನ್ನ ಕ್ಲಿನಿಕ್ಕಿನಲ್ಲಿ ಇವರೇ ಜಾಸ್ತಿ. ಅದಕ್ಕೇ ಹಬ್ಬದ ಮುಂಚೆ ಬಂದವರಿಗೆ ಕೆಲಸ ಹಂಚಿಸಿಯೇ ಕಳಿಸುತ್ತೇನೆ. ಕಣಕ ನಾದುವುದು ಮಗನ ಕೆಲಸ, ತಟ್ಟುವುದು ನಾದಿನಿಯದು, ಬೇಯಿಸುವುದು ಮಾತ್ರ ಕುರ್ಚಿ ಹಾಕಿಕೊಂಡು ನೀವು. ಚೀಟಿಯ ಮೇಲೆ ಹಾಗೇ ಬರೆದುಕೊಡುತ್ತೇನೆ. ಡಾಕ್ಟರು ಬರೆದಿದ್ದಾರೆ ಅಂದರೆ ಮನೆಯಲ್ಲಿ ಅದಕ್ಕೊಂದು ತೂಕ.

ಮಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ನಿದ್ದೆ ಕೆಟ್ಟಿದ್ದರೆ ರಾತ್ರಿ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್, ಸಾಮಾನ್ಯವಾಗಿ 10 ಮಿಲಿಗ್ರಾಂನಿಂದ. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ತೂಕಡಿಕೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆ ಅಂತಲೇ 2007ರಲ್ಲಿ ಪ್ರಿಗ್ಯಾಬಲಿನ್, 2008ರಲ್ಲಿ ಡುಲಾಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್ ಒಪ್ಪಿತು. 2025ರಲ್ಲಿ ನಾಲಿಗೆ ಕೆಳಗಿಡುವ ಸೈಕ್ಲೊಬೆಂಜಪ್ರಿನ್‌ಗೂ ಒಪ್ಪಿಗೆ ಸಿಕ್ಕಿತು. ಮೊದಲಿನ ಆ ಮೂರನ್ನೇ ಯುರೋಪಿನ ಔಷಧ ಸಂಸ್ಥೆ ಈ ಕಾಯಿಲೆಗೆ ಒಪ್ಪಲಿಲ್ಲ. ಲಾಭ ಅಷ್ಟು ದೊಡ್ಡದಲ್ಲ ಅನ್ನುವುದು ಅವರ ವಾದ. ನನಗೆ ಕಂಡಿದ್ದೂ ಅದೇ: ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ, ಹಲವರಿಗೆ ತಲೆಸುತ್ತು, ಕಾಲು ಊತ, ತೂಕ ಮಾತ್ರ ಉಳಿಯುತ್ತದೆ.

ಮೆಡಿಕಲ್ ಸ್ಟೋರಿನಲ್ಲಿ ಅಮಿಟ್ರಿಪ್ಟಿಲಿನ್ ನೋಡಿ "ಇದು ಡಿಪ್ರೆಶನ್ ಮಾತ್ರೆ" ಅಂತ ಹುಡುಗ ಹೇಳಿಬಿಟ್ಟರೆ ರೋಗಿ ಅಲ್ಲಿಂದಲೇ ವಾಪಸ್ ಬಂದು ಮುಖ ಊದಿಸಿಕೊಂಡು ನಿಲ್ಲುತ್ತಾರೆ. ಹಾಗಾಗಿ ಮೊದಲೇ ಹೇಳುತ್ತೇನೆ: ಈ ಮಾತ್ರೆಗೆ ಎರಡು ಕೆಲಸ ಇದೆ, ನಿಮಗೆ ಕೊಡುತ್ತಿರುವುದು ನೋವಿನ ದಾರಿಗೆ. ಸ್ಟಿರಾಯ್ಡ್ ಸೂಜಿ, ದಿನಾ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ, ಗ್ಲೂಕೋಸ್ ಬಾಟ್ಲಿ ಇವುಗಳಿಗೆ ನನ್ನಲ್ಲಿ ಜಾಗ ಇಲ್ಲ. "ಆ ಸೂಜಿಗೆ ನಾಲ್ಕು ದಿನ ಆರಾಮಿತ್ತು" ಅಂತ ವಾದ ಮಾಡುತ್ತಾರೆ. ಐದನೇ ದಿನದ ಕಥೆ ಕೇಳುತ್ತೇನೆ.

ವಿದೇಶದಲ್ಲಿರುವ ಮಕ್ಕಳು ವಾಟ್ಸಾಪಿನಲ್ಲಿ ಕಳಿಸುವುದು ಹೆಚ್ಚಾಗಿ ನಾಲ್ಟ್ರೆಕ್ಸೋನ್ ಬಗ್ಗೆ, ಚಟ ಬಿಡಿಸಲು ಕೊಡುವ ಮಾತ್ರೆಯನ್ನು ಸಣ್ಣ ಡೋಸಿನಲ್ಲಿ ನೋವಿಗೆ ಕೊಡುವುದು. ಸ್ಟ್ಯಾನ್‌ಫರ್ಡಿನ ಸಣ್ಣ ಪ್ರಯೋಗಗಳಲ್ಲಿ ಭರವಸೆ ಕಂಡಿತ್ತು. 2024ರಲ್ಲಿ ಡೆನ್ಮಾರ್ಕಿನವರು 99 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ 6 ಮಿಲಿಗ್ರಾಂ, ಉಳಿದವರಿಗೆ ಬರೀ ಸಕ್ಕರೆ ಮಾತ್ರೆಯಂಥದ್ದು ಕೊಟ್ಟು ಹೋಲಿಸಿದಾಗ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸದ್ಯಕ್ಕೆ ನಾನು ಬರೆಯುತ್ತಿಲ್ಲ.

ಕೊನೆಗೊಂದು ಎಚ್ಚರ, ಇದು ನನ್ನ ಜೊತೆಯ ಡಾಕ್ಟರುಗಳಿಗೂ. ಫೈಬ್ರೋಮಯಾಲ್ಜಿಯಾ ಇದೆ ಅಂತ ಒಮ್ಮೆ ಬರೆದ ಮೇಲೆ ಎಲ್ಲ ನೋವನ್ನೂ ಅದೇ ಖಾತೆಗೆ ಹಾಕಬೇಡಿ. ಅದು ಇರುವಾಗಲೇ ಬೇರೆ ಕಾಯಿಲೆಯೂ ಇರಬಹುದು ಅನ್ನುವುದನ್ನು 2016ರ ನಿಯಮ ಬಿಡಿಸಿಯೇ ಹೇಳಿದೆ. ಜ್ವರ, ತೂಕ ಇಳಿಯುವುದು, ಕೈಕಾಲಿನ ಶಕ್ತಿ ಕುಂದುವುದು, ಕಣ್ಣಿಗೆ ಕಾಣುವ ಕೀಲು ಊತ ಇವು ಇದರ ಲಕ್ಷಣವಲ್ಲ. ನನ್ನ ಹಳೆಯ ರೋಗಿಯೊಬ್ಬರು ಈಚೆಗೆ ಬಂದು, "ಮಾಮೂಲಿ ನೋವೇ ಡಾಕ್ಟ್ರೇ, ಆದ್ರೆ ಬೆಳಿಗ್ಗೆ ಬಳೆ ಏರಿಸೋಕೆ ಆಗ್ತಿಲ್ಲ" ಅಂದರು. ಕೈ ಮುಟ್ಟಿದರೆ ಬೆರಳ ಗೆಣ್ಣು ಊದಿ ಬಿಸಿಯಾಗಿತ್ತು. ಬೆಳಿಗ್ಗೆ ಹತ್ತರವರೆಗೂ ಬಿಗಿತ ಬಿಡುವುದಿಲ್ಲವಂತೆ. ರುಮಟಾಯ್ಡ್ ಸಂಧಿವಾತ ಪತ್ತೆಗೆ ಮಾಡುವ ಆಂಟಿ ಸಿಸಿಪಿ ರಕ್ತಪರೀಕ್ಷೆ ಪಾಸಿಟಿವ್ ಬಂತು. ಬೆಂಗಳೂರಿನ ಕೀಲುರೋಗ ತಜ್ಞರ ಹತ್ತಿರ ಕಳಿಸಿದೆ. ಈಗ ವಾರಕ್ಕೊಮ್ಮೆ ಸಂಧಿವಾತದ ಔಷಧ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ, ಊತ ಇಳಿದಿದೆ. ಮೈಕೈ ನೋವು ಮೊದಲಿನಷ್ಟೇ ಇದೆ. ಹಾಗಾಗಿ ನಡಿಗೆ, ರಾತ್ರಿಯ ಮಾತ್ರೆ ಎರಡೂ ಮುಂದುವರಿಯುತ್ತಿವೆ.